ತಕ್ಕೆ ಥ ಒತ್ತು

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದೆ,
ಹುಳ ಬೆಂದ ನಾತ ಶಟರಿನಡಿ ನುಸುಳಿ ಬರುವ ನನ್ನಂಗಡಿಯಲ್ಲಿ
ಒಂದೇ ಕಂಪ್ಯೂಟರು. ಚಿಂತಾಮಣಿಯ ಕಾಲೇಜಿನವರು
ತೂಕಕ್ಕೆ ಹಾಕುವಾಗ ಕೇಳಿ ತಂದದ್ದು.
ಬೆನ್ನು ತಟ್ಟಿದರೆ ಏಳುತ್ತದೆ.
ಎದ್ದ ಕೂಡಲೇ, ಇವತ್ತು ಎರಡು ಸಾವಿರದ ಎರಡನೇ ಇಸವಿ,
ಜನವರಿ ಒಂದು, ಅನ್ನುತ್ತದೆ.

ಒಳಗಿನ ಸೆಲ್ಲು ಸತ್ತಿದೆ, ರೂಪಾಯಿ ಬಿಲ್ಲೆಯಷ್ಟು.
ತಾರೀಖು ತಿದ್ದದಿದ್ದರೆ ಯಾವ ಇಲಾಖೆಯ ಪುಟವೂ ತೆರೆಯದು;
ನಂಬಲರ್ಹವಲ್ಲ, ಹಿಂದೆ ಹೋಗಿ, ಎಂದು ಕೆಂಪಗಾಗುತ್ತದೆ.
ಹಿಂದೆ ಅಂದರೆ ಎಲ್ಲಿಗೆ? ಇನ್ನೂ ಎಷ್ಟು ಹಿಂದೆ?

ಅಶ್ವತ್ಥಮ್ಮ ಬಂದದ್ದು ಮಧ್ಯಾಹ್ನದ ಪಾಳಿ ಮುಗಿಸಿ.
ಬಿಸಿನೀರಿನ ಬಾಂಡಲೆಯಲ್ಲಿ ನೆನೆದು ನೆನೆದು
ಬೆರಳ ತುದಿಯ ಗೆರೆಗಳೇ ಅಳಿಸಿಹೋಗಿದ್ದವು.
"ಪಿಂಚಣಿ ಪಟ್ಟಿ ಬಿಟ್ಟವ್ರಂತೆ, ನನ್ನೆಸ್ರು ಐತಾ ನೋಡು ಇಲಿಯಾಸು."

ಪಟ್ಟಿ ಬಂತು. ಹೆಸರು ಬರಲಿಲ್ಲ.
ಬೆಂಕಿಪೊಟ್ಟಣ ಜೋಡಿಸಿಟ್ಟಂತೆ ಚೌಕ, ಚೌಕ, ಚೌಕ.
"ಎಲ್ರದೂ ಹಿಂಗೇನಾ?"
"ಎಲ್ಲರದೂ."
"ಅಂಗಾದ್ರೆ ಪರವಾಗಿಲ್ಲ ಬಿಡು" ಎಂದು ಸ್ಟೂಲಿನ ಮೇಲೆ ಕೂತಳು.

ಎನ್‌ಕೋಡಿಂಗು ಬದಲಿಸಿದೆ. ಚೌಕ ಹೋಗಿ ಅಕ್ಷರ ಬಂತು,
ಜಗಳವಾಡಿದ ಮನೆಯಂತೆ ಬಿಡಿ ಬಿಡಿ.
ಕೊಂಬು ಒಂದು ಕಡೆ, ದೀರ್ಘ ಒಂದು ಕಡೆ,
ಒತ್ತು ಮಾತ್ರ ತನ್ನ ಅಕ್ಷರ ಸಿಗದೆ
ಚುಕ್ಕಿಚುಕ್ಕಿಯ ಸೊನ್ನೆಯೊಂದನ್ನು ಹಿಡಿದು ಜೋತಾಡುತ್ತಿತ್ತು.
ಮನೆಯಲ್ಲಿ ಉರ್ದು, ಗಿರಾಕಿಗೆ ತೆಲುಗು, ಅರ್ಜಿಗೆ ಕನ್ನಡ,
ಮೂರೂ ಬಲ್ಲ ನನಗೆ ಆ ಸೊನ್ನೆ ಓದಲು ಬರಲಿಲ್ಲ.

ಮುಚ್ಚಿದೆ, ತೆರೆದೆ. ಹಳೆಯ ಕಸ ಗುಡಿಸಿದೆ.
ಬ್ರೌಸರನ್ನೇ ಕಿತ್ತು ಮತ್ತೆ ನೆಟ್ಟೆ.
ಆಗ ಪುಟದ ಮಧ್ಯೆ ಬೂದುಬಣ್ಣದ ಹಲಗೆ:
ಪ್ಲಗಿನ್ನು ಕುಸಿದಿದೆ. ಪಕ್ಕದಲ್ಲಿ ಸಪ್ಪೆ ಮೋರೆಯ ಒಂದು ತುಂಡು.
"ಅದ್ಯಾಕೆ ಅಳ್ತೈತೆ?"
"ಜೊತೆಯವರು ಬಂದಿಲ್ಲ, ಅದಕ್ಕೆ."
ಅವಳು ನಗಲಿಲ್ಲ. ಮೌಸನ್ನು ಕುಟ್ಟುತ್ತಿದ್ದ ನನ್ನ ಕೈ ನೋಡಿದಳು.
"ಎಳೆ ಸಿಗ್ದಿದ್ರೆ ಗೂಡಿನ ಮೇಲೆ ಸಿಟ್ಟಾಗಬಾರ್ದು ಕಣಪ್ಪ.
ಇನ್ನೊಂದು ಕಿತ ನೀರಿಗೆ ಬಿಡು. ಮೇಲಿನ ಜಾಳು ಸವರಿ ತೆಗಿ.
ಎಳೆ ಎಲ್ಲಿ ಹೋಗ್ತದೆ? ಒಳಗೇ ಇರ್ತದೆ."

ಒಳಗೇ ಇತ್ತು. ಕಂಟ್ರೋಲ್ ಪ್ಯಾನೆಲಿನ ಮೂರನೇ ಬಾಗಿಲ ಆಚೆ,
ಯಾರೂ ಗೀಟು ಹಾಕದೆ ಬಿಟ್ಟ ಒಂದು ಪುಟ್ಟ ಡಬ್ಬಿ:
ಕಷ್ಟದ ಲಿಪಿಗಳಿಗೆ ಬೆಂಬಲ ಬೇಕೆ?
ಬೇಕು ಅಂದೆ. ಸೀಡಿ ಕೊಡು ಅಂತು.
ತಂಗಿಯ ನಿಕಾಹಿನ ವಿಡಿಯೋಗಳ ನಡುವೆ ಸಿಕ್ಕಿತು ಸೀಡಿ,
ಒರೆಸಿದ್ದು ಅಶ್ವತ್ಥಮ್ಮನ ಸೆರಗಲ್ಲಿ.
ಕರಕರ ಸುತ್ತಿ, ಒಂದೊಂದೇ ಫೈಲು ಹೆಸರು ಹೇಳಿ ಇಳಿದವು.
ಅದರಲ್ಲೊಂದು ಅಕ್ಷರರೂಪದ ಹೆಸರು ತುಂಗಾ.
ಪಿನಾಕಿನಿಯಲ್ಲಿ ಮರಳೂ ಮುಗಿದ ನಮ್ಮ ಸೀಮೆಗೆ
ಗೀರುಬಿದ್ದ ತಟ್ಟೆಯಲ್ಲಿ ಒಂದು ಹೊಳೆ.

ಆಮೇಲೆ ನೋಡಬೇಕಿತ್ತು ನೀವು.
ಜೋತಾಡುತ್ತಿದ್ದ ಒತ್ತುಗಳೆಲ್ಲ ತಂತಮ್ಮ ಅಕ್ಷರದಡಿ ಹೋಗಿ ಕೂತವು,
ಊಟದ ಪಂಕ್ತಿಗೆ ಕರೆದಂತೆ. ಪಿಳ್ಳಪ್ಪ, ಯರ್ರಮ್ಮ, ಮುಸ್ತಫಾ,
ನಲವತ್ತೆರಡನೇ ಸಾಲು: ಅಶ್ವತಮ್ಮ.

ನಾಲ್ಕನೇ ಕ್ಲಾಸು ಓದಿದವಳು ಪರದೆಗೆ ಮೂಗು ತಾಗಿಸಿದಳು.
"ಇಲ್ಲಿ ತಕ್ಕೆ ಥ ಒತ್ತು ಬರ್ಬೇಕು. ಬಿದ್ದೋಗೈತೆ. ಅದನ್ನೂ ಸರಿ ಮಾಡು."
"ಇದು ನನ್ನ ಮೆಷಿನ್ನಿನ ತಪ್ಪಲ್ಲಕ್ಕ. ಅವರು ಬರೆದದ್ದೇ ಹಾಗೆ."
ಎಷ್ಟೋ ಹೊತ್ತು ಆ ಜಾಗ ನೋಡಿದಳು. ಬೆರಳಿಟ್ಟು ಸವರಿದಳು,
ಬಾಂಡಲೆಯಲ್ಲಿ ಗೂಡು ಸವರುವಂತೆ, ಗಾಜಿನ ಮೇಲೆ.
"ಪ್ರಿಂಟು ತೆಗಿ" ಅಂದಳು.
ಐದು ರೂಪಾಯಿ ಒದ್ದೆ ನೋಟು ಕೊಟ್ಟು ಎದ್ದಳು.

ಆ ನೋಟು ಕೀಬೋರ್ಡಿನ ಮೇಲೆ ಒಣಗಿಸಿದೆ.
ಬೆಳಿಗ್ಗೆ ಬೆನ್ನು ತಟ್ಟಿದೆ.
ಎರಡು ಸಾವಿರದ ಎರಡು, ಜನವರಿ ಒಂದು.